ನನ್ನದೊಂದು ಮಾತ್ರ ಕೊಟ್ಟುಬಿಡಿ

ಕಾಸರಗೋಡು
೨೬-೮-೧೯೫೪, ಗುರುವಾರ ಮಧ್ಯಾಹ್ನ

ಪ್ರೀತಿಯ ನನ್ನವರಿಗೆ,

ಹೇಗಿದ್ದೀರಿ? ಕೆಮ್ಮು ಕಡಿಮೆಯಾಯಿತೇ? ಮದರಾಸಿನ ನೀರು ಹೊಟ್ಟೆಗೆ ಹಿಡಿಸಿತೇ? ಪೆಟ್ಟಿಗೆಯ ಮೂಲೆಯಲ್ಲಿ ನಾನು ಕಟ್ಟಿಟ್ಟ ಕಷಾಯದ ಹುಡಿಯನ್ನು ದಿನವೂ ಕುಡಿಯುತ್ತಿದ್ದೀರಾ ಅಥವಾ ಊರಿನ ಕಾಫಿ ಎಂದು ಹೇಳಿ, ನೀವು ಇಳಿದುಕೊಂಡಿರುವ ಜವಳಿ ಏಜೆಂಟರ ಮನೆಯವರಿಗೆ ದಾನ ಮಾಡಿಬಿಟ್ಟಿರಾ? ಇಲ್ಲಿ ಅತ್ತೆ ಸೌಖ್ಯ. ಅವರ ಮೊಣಕಾಲು ನೋವು ಮಳೆ ಬಂದಾಗ ಬರುತ್ತದೆ, ಮಳೆ ಬಿಟ್ಟಾಗ ಬಿಡುತ್ತದೆ. ನಿಮ್ಮಣ್ಣ, ನನ್ನ ಭಾವನೂ ಸೌಖ್ಯ, ಅಂದರೆ ದಿನವಿಡೀ ಸಿಟ್ಟು ಮಾಡುವಷ್ಟು ಸೌಖ್ಯ. ನಿಮಗೆ ಇಂಗ್ಲಿಷಿನಲ್ಲಿ ಬರೆದು ಬೆರಗು ಹುಟ್ಟಿಸಬೇಕೆಂದು ನನಗೆ ತುಂಬಾ ಆಸೆಯಿತ್ತು. ಆದರೆ ನಿಮಗೆ ಬಂದ ಕಾಗದಗಳನ್ನೆಲ್ಲ ಏಜೆಂಟರು ಊಟದ ಹೊತ್ತಿಗೆ ಗಟ್ಟಿಯಾಗಿ ಓದಿಸಿ ಕೇಳುತ್ತಾರೆಂದು ಬರೆದಿದ್ದೀರಲ್ಲ, ಅದಕ್ಕೇ ಕನ್ನಡ. ಅವರಿಗೆ ಕನ್ನಡ ಬಾರದಿರುವುದು ದೇವರ ದಯೆ. ಲಕೋಟೆಯ ಮೇಲೆ ನಿಮ್ಮ ಹೆಸರು ಬರೆಯುವಾಗ ಮಾತ್ರ ಕೈ ತಡೆಯಿತು. ಬಾಯಲ್ಲಿ ಹೇಳದ ಹೆಸರನ್ನು ಬರೆಯಬಹುದೇ ಎಂದು ಅತ್ತೆಯನ್ನು ಕೇಳಿದೆ. "ಬರೆಯದಿದ್ದರೆ ಅಂಚೆಯವ ಎಂತ ಮಾಡುವುದು ಮಾರಾಯ್ತಿ? ಮದರಾಸಿನ ಗಂಡಂದಿರಿಗೆಲ್ಲ ಒಂದೊಂದು ಪುಟ ಹಂಚುವುದಾ?" ಎಂದರು. ಬರೆದೆ. ಬರೆದು ಎರಡು ಸಲ ಓದಿದೆ. ಎಷ್ಟು ಚಂದದ ಹೆಸರು!

ಮದುವೆಯಾಗಿ ಮೂರು ತಿಂಗಳು ಕಳೆಯಿತು. ಅದರಲ್ಲಿ ನಾವಿಬ್ಬರೇ ಕುಳಿತು ನೆಮ್ಮದಿಯಿಂದ ಹರಟಿದ್ದು ಎಷ್ಟು ಹೊತ್ತು ಹೇಳಿ! ಬೇಶ ತಿಂಗಳಲ್ಲಿ ಮದುವೆ, ಕಾರ್ತೆಲು ತಿಂಗಳಿಡೀ ನೆಂಟರ ಮನೆಯ ಊಟ, ಅಷ್ಟರಲ್ಲಿ ಆಟಿ ಬಂತು. ಹೊಸ ಮದುಮಗಳು ಆಟಿ ತಿಂಗಳಲ್ಲಿ ಗಂಡನ ಮನೆಯಲ್ಲಿ ಇರಬಾರದೆಂದು ತವರಿನಿಂದ ಅಣ್ಣ ಬಂದು ಕರೆದುಕೊಂಡು ಹೋದ. ಆಟಿ ಮುಗಿದು ಸೋಣ ತಿಂಗಳ ಸಂಕ್ರಮಣಕ್ಕೆ ನಾನು ಓಡೋಡಿ ಬಂದರೆ ನೀವು ಮರುದಿನವೇ ಮದರಾಸು ಮೈಲು ಹತ್ತಿದಿರಿ. ಈ ಆಟಿಯನ್ನು ಕಟ್ಟಿದವರು ಯಾರೋ, ಅವರಿಗೆ ಹೊಸ ಹೆಂಡತಿ ಇರಲಿಲ್ಲವೆಂಬುದು ಖಂಡಿತ. ಹೋಗಲಿ, ಆ ಒಂದು ಸಂಜೆಯಾದರೂ ಸಿಕ್ಕಿತಲ್ಲ. ನೀವು ಆ ನೀಲಿ ರೇಷ್ಮೆಯ ತುಂಡನ್ನು ನನ್ನ ಕೈಗಿತ್ತು, "ಚೌತಿಗೆ ನೀನು ಇದೇ ರವಕೆ ತೊಡಬೇಕು. ಕೈಗೆ ಸಣ್ಣ ಸಣ್ಣ ನೆರಿಗೆ ಬರಬೇಕು. ಅಂಗಡಿಯಲ್ಲಿ ಹೊಲಿಯುವ ಕಮಲಳನ್ನು ಬಿಟ್ಟರೆ ಬೇರೆ ಯಾರಿಗೂ ಅದು ಬರುವುದಿಲ್ಲ, ಅವಳೇ ಹೊಲಿಯಲಿ" ಎಂದಾಗ ನಾನು ನೆಲದ ಮೇಲೆಯೇ ಇರಲಿಲ್ಲ. ಕೋಣೆಯ ಬಾಗಿಲು ಹಾಕಿ ಆ ರೇಷ್ಮೆಯನ್ನು ಹೆಗಲ ಮೇಲೆ ಹೊದ್ದು ಕನ್ನಡಿಯ ಮುಂದೆ ಕುಣಿದೆ. ಇದನ್ನು ಯಾರಿಗೂ ಹೇಳಬೇಡಿ. ಈಗ ಆ ರೇಷ್ಮೆಯ ಹೆಸರು ಕೇಳಿದರೆ ನನಗೆ ತಲೆ ಚಿಟ್ಟು ಹಿಡಿಯುತ್ತದೆ. ಯಾಕೆಂದು ಮೊದಲಿನಿಂದ ಹೇಳುತ್ತೇನೆ. ದಯವಿಟ್ಟು ನಡುವೆ ನಗಬೇಡಿ.

ನೀವು ಹೋದ ಮರುದಿನ ಭಾವ ನನ್ನನ್ನು ಅಂಗಡಿಗೆ ಕರೆದರು. ಸೋಣದ ನೂಕುನುಗ್ಗಲು, ಚೌತಿ ಹತ್ತಿರ, ಹೆಂಗಸರು ಗಂಡಸರ ಹತ್ತಿರ ರವಕೆಯ ಅಳತೆ ಹೇಳಲು ನಾಚುತ್ತಾರೆ, ನೀನು ಒಂದು ಬದಿಯಲ್ಲಿ ಕುಳಿತುಕೋ ಎಂದರು. ನನಗೆ ಖುಷಿಯೋ ಖುಷಿ. ನಮ್ಮ ಜವಳಿ ಅಂಗಡಿ, ನನ್ನದೇ ಒಂದು ಮೇಜು, ಇಂಗ್ಲಿಷ್ ಬಲ್ಲ ಆಫೀಸರರ ಹೆಂಡತಿಯರ ಹತ್ತಿರ ಇಂಗ್ಲಿಷಿನಲ್ಲೇ ಮಾತು! ಆದರೆ ಗಿರಾಕಿಗಳು ಕೇಳುವ ಪ್ರಶ್ನೆಗಳಿವೆಯಲ್ಲ, ಅಬ್ಬಬ್ಬಾ. ಬಣ್ಣ ಬಿಡುತ್ತದಾ? ಒಗೆದರೆ ಗಿಡ್ಡ ಆಗುತ್ತದಾ? ಪಕ್ಕದ ಮನೆಯವರು ಇದೇ ಬಣ್ಣ ತೆಗೊಂಡಿದ್ದಾರಾ? ಇವೆಲ್ಲ ಕೇಳಿ ಆದ ಮೇಲೆ ಮೇಜಿನ ಮೇಲೆ ಬಾಗಿ ಗುಟ್ಟಿನಲ್ಲಿ ಒಂದು ಪ್ರಶ್ನೆ: "ಇದು ಆಟಿಯಲ್ಲಿ ಕತ್ತರಿ ಹಾಕಿದ್ದಲ್ಲವಲ್ಲ?" ಅದೊಂದಕ್ಕೆ ಆಣೆ ಮಾಡಬೇಕು. ಆಟಿಯಲ್ಲಿ ಹೊಸ ಬಟ್ಟೆಗೆ ಕತ್ತರಿ ತಾಗಿದರೆ ತೊಟ್ಟವರಿಗೆ ಒಳ್ಳೆಯದಲ್ಲವಂತೆ. ಯಾವ ತಿಂಗಳಲ್ಲಿ ಕತ್ತರಿಸಿದರೆಂದು ಅವರಿಗೆ ಬೇಕು. ಯಾರು ಹೊಲಿದರು, ಎಲ್ಲಿ ಕುಳಿತು ಹೊಲಿದರು, ಅವರು ಊಟ ಮಾಡಿದರೇ ಎಂದು ಒಬ್ಬರೂ, ಒಬ್ಬರೂ ಕೇಳಲಿಲ್ಲ. ಈ ನಂಬಿಕೆಯ ಹೊರೆ ಯಾರ ತಲೆಯ ಮೇಲೆ ಬೀಳುತ್ತದೆಂದು ನನಗೆ ಒಳಗೆ ಹೋದಾಗಲೇ ತಿಳಿದದ್ದು. ನಿಮಗೆ ಮೊದಲೇ ತಿಳಿದಿತ್ತು ಅಲ್ಲವೇ? ಆಟಿ ಇಡೀ ಭಾವ ಕತ್ತರಿ ಮುಟ್ಟುವುದಿಲ್ಲ. ಹೊಲಿಗೆಯ ಹೆಂಗಸರಿಗೆ ಕೆಲಸ ಇಲ್ಲ, ಕೂಲಿಯೂ ಇಲ್ಲ, ಮನೆಯಲ್ಲಿ ಕೂರಬೇಕು. ಸಂಕ್ರಮಣ ಕಳೆದದ್ದೇ ಊರಿಗೆ ಊರೇ ಬಂದು ಚೌತಿಯ ಒಳಗೆ ಬೇಕೆಂದು ಕೂರುತ್ತದೆ. ಎರಡು ತಿಂಗಳಲ್ಲಿ ಹೊಲಿಯಬೇಕಾದ್ದನ್ನು ಎರಡು ವಾರದಲ್ಲಿ ಹೊಲಿಯಬೇಕು.

ಅಂಗಡಿಯ ಹಿಂದಿನ ಆ ಕೋಣೆಯನ್ನು ನೀವು ಕೊನೆಗೆ ನೋಡಿದ್ದು ಯಾವಾಗ? ಮೊದಲು ಕೊಬ್ಬರಿ ತುಂಬುತ್ತಿದ್ದರಂತೆ. ಈಗಲೂ ಅದರ ಕಮಟು ವಾಸನೆ ಗೋಡೆಯಲ್ಲಿದೆ. ಮಳೆಗೆ ಬಟ್ಟೆ ಒದ್ದೆಯಾಗಬಾರದೆಂದು ಬಾಗಿಲು ಮುಚ್ಚಿರುತ್ತಾರೆ, ಕತ್ತಲಾಗುತ್ತದೆಂದು ಹಗಲಲ್ಲೇ ಗ್ಯಾಸ್‌ಲೈಟು ಉರಿಸುತ್ತಾರೆ. ಅದರ ಸೆಕೆಯಲ್ಲಿ ಹೆಂಗಸರು ಬೆವರು ಬಟ್ಟೆಗೆ ಬೀಳದಂತೆ ಕುತ್ತಿಗೆಗೆ ಬೈರಾಸು ಕಟ್ಟಿಕೊಂಡು ಮಿಷನ್ ತುಳಿಯುತ್ತಾರೆ. ಬೆವರು ಅವರ ಮೈ ಕೆಡಿಸಿದರೆ ಅಡ್ಡಿಯಿಲ್ಲ, ರವಕೆ ಕೆಡಬಾರದು. ನಾನು ಅಲ್ಲಿಗೆ ಹೋದದ್ದು ಪುಣ್ಯ ಮಾಡಲು ಅಲ್ಲ. ನನ್ನ ನೀಲಿ ರೇಷ್ಮೆ ಎಲ್ಲಿಗೆ ಮುಟ್ಟಿತೆಂದು ನೋಡಲು ಕುಣಿಯುತ್ತಾ ಹೋದೆ. ಹಿರಿಯವಳು ಅಕ್ಕು ನನ್ನನ್ನು ಕಂಡದ್ದೇ, "ಓ, ಅಮ್ಮನವರು ಬಂದರು, ಎಲ್ಲರೂ ಉಸಿರು ಬಿಗಿ ಹಿಡಿಯಿರಿ, ಅವರಿಗೆ ಗಾಳಿ ಸಾಕಾಗ್ಲಿಕ್ಕಿಲ್ಲ" ಎಂದಳು. ಅವಳ ಬಾಯಿ ನಿಮಗೆ ಗೊತ್ತಲ್ಲ. ನಾನು ನಕ್ಕೆ. ಆಮೇಲೆ ಕಮಲಳನ್ನು ಕಂಡೆ.

ಕಮಲಳಿಗೆ ಎಂಟು ತಿಂಗಳು ತುಂಬಿದೆ. ಹೊಟ್ಟೆ ಮೇಜಿಗೆ ತಾಗುತ್ತದೆಂದು ಸ್ಟೂಲನ್ನು ಹಿಂದೆ ಸರಿಸಿ, ಕೈಗಳನ್ನು ಉದ್ದಕ್ಕೆ ಚಾಚಿ, ಮುಂದಕ್ಕೆ ಬಾಗಿ ಹೊಲಿಯುತ್ತಿದ್ದಳು. ಕಾಲುಗಳು ಎಷ್ಟು ಊದಿದ್ದವೆಂದರೆ ಬೆಳ್ಳಿಯ ಕಾಲುಂಗುರ ಮಾಂಸದ ಒಳಗೆ ಹೋಗಿತ್ತು. ಮಿಷನ್ ತುಳಿಯುವುದನ್ನು ಈಗಲೇ ಬಿಡಬೇಕು, ಇಲ್ಲದಿದ್ದರೆ ತಾಯಿಗೂ ಮಗುವಿಗೂ ಒಳ್ಳೆಯದಲ್ಲ ಎಂದು ಸೂಲಗಿತ್ತಿ ಎರಡು ಸಲ ಹೇಳಿ ಹೋಗಿದ್ದಾಳೆ. ಗಂಡ ಘಟ್ಟದ ಮೇಲಿನ ಕಾಫಿ ತೋಟದಲ್ಲಿದ್ದಾನೆ, ಕಳುಹಿಸುವುದು ಅವನ ನೆನಪು ಮಾತ್ರ. ಮಗಳನ್ನು ಬಾಳಂತನಕ್ಕೆ ಕರೆದುಕೊಂಡು ಹೋಗಲು ತಾಯಿ ಕುಂಜತ್ತೂರಿನಿಂದ ಬಂದು, ನಮ್ಮ ಅಂಗಡಿಯ ಹಿಂದಿನ ಜಗಲಿಯಲ್ಲಿ ಒಂದು ಬಟ್ಟೆಯ ಗಂಟು ಇಟ್ಟುಕೊಂಡು ಕುಳಿತಿದ್ದಳು. ಚೌತಿಯವರೆಗೆ ಯಾರೂ ಹೋಗಕೂಡದೆಂದು ಭಾವನ ಅಪ್ಪಣೆ. ಹೋದರೆ ಹೋದಂತೆಯೇ, ತಿರುಗಿ ಬರುವುದು ಬೇಡ. ಕಮಲ ಆ ಒಂದು ಮಾತಿಗೆ ಹೆದರಿ ಕುಳಿತಿದ್ದಳು. ಹುಟ್ಟುವ ಮಗುವಿಗೂ ಮುದಿ ತಾಯಿಗೂ ಇರುವುದು ಆ ಮಿಷನಿನ ಅನ್ನ ಒಂದೇ.

ನಾನು ನೇರವಾಗಿ ಭಾವನ ಹತ್ತಿರ ಹೋದೆ. ಹೊಸ ಸೊಸೆ ಭಾವನ ಎದುರು ನಿಂತು ವಾದ ಮಾಡುವುದೇ ಎಂದು ಅತ್ತೆ ಆಮೇಲೆ ಕೇಳಿದರು. ಎದುರು ನಿಲ್ಲಲಿಲ್ಲ, ಕಂಬದ ಬದಿಯಲ್ಲಿ ನಿಂತೆ ಎಂದೆ. ಭಾವ ಕೆಟ್ಟವರಲ್ಲ, ಅದೇ ನನಗೆ ದೊಡ್ಡ ಕಷ್ಟ. ಕೆಟ್ಟವರಾಗಿದ್ದರೆ ಜಗಳ ಮಾಡಿ ಮುಗಿಸಬಹುದಿತ್ತು. ಅವರು ಅಳತೆಯ ಟೇಪನ್ನು ಕುತ್ತಿಗೆಯಿಂದ ತೆಗೆದು ಮೇಜಿನ ಮೇಲೆ ಬಿಸಾಡಿ, "ನಾನೆಂತ ರಾಕ್ಷಸನಾ ಹರಿಣಾಕ್ಷಿ? ನನಗೂ ಮಕ್ಕಳು ಉಂಟು. ಅಗೋ, ಎದುರಿಗೆ ನಿಂತವರನ್ನು ಕೇಳು. ಕಮಲನ ಹತ್ತಿರ ಇರುವ ಬಟ್ಟೆಯವರು ಚೌತಿ ಕಳೆದು ತೆಗೊಳ್ತೇವೆ ಅಂತ ಹೇಳಲಿ, ಅವಳು ಇವತ್ತೇ ರೈಲು ಹತ್ತಲಿ. ಇಲ್ಲದಿದ್ದರೆ ಅವರೆಲ್ಲ ನಾಳೆ ಎದುರಿನ ಅಂಗಡಿಗೆ ಹೋಗ್ತಾರೆ" ಎಂದರು. ಇಷ್ಟೇ ತಾನೇ ಎಂದುಕೊಂಡೆ! ನನಗೆ ಎಷ್ಟು ಧೈರ್ಯವಿತ್ತೆಂದರೆ ಕಮಲಳ ತಾಯಿಗೆ ಗಂಟು ಕಟ್ಟಿಟ್ಟುಕೊಳ್ಳಿ ಎಂದು ಹೇಳಿ ಬಂದೆ. ಒಂದು ರವಕೆ ನಾಲ್ಕು ದಿನ ತಡವಾದರೆ ಯಾರ ಮನೆ ಮುಳುಗುತ್ತದೆ? ವಿಷಯ ತಿಳಿಯದೆ ಕೇಳುತ್ತಾರೆ, ತಿಳಿದರೆ ಯಾರು ಬೇಡವೆನ್ನುತ್ತಾರೆ? ಹಾಗೆಂದು ನಂಬಿದ್ದೆ ನಾನು.

ಮೊದಲು ಬಂದದ್ದು ಮೇಷ್ಟರ ಹೆಂಡತಿ ಪಂಕಜಾಕ್ಷಿಯಮ್ಮ. ನಾನು ಕಮಲಳ ಕಥೆ ಹೇಳುತ್ತಿದ್ದಂತೆ ಅವರ ಕಣ್ಣಲ್ಲಿ ನೀರು ತುಂಬಿತು. ಸೆರಗಿನಿಂದ ಒರೆಸಿಕೊಂಡರು. ತಮ್ಮ ಮೊದಲ ಹೆರಿಗೆ ಎಷ್ಟು ಕಷ್ಟವಾಯಿತೆಂದು ನನ್ನ ಕೈ ಹಿಡಿದು ಹೇಳಿದರು, ಎರಡನೆಯದನ್ನೂ ಹೇಳಿದರು. ಚೀಲದಿಂದ ನೇಂದ್ರ ಬಾಳೆಹಣ್ಣು ತೆಗೆದು "ಆ ಪಾಪದ ಹುಡುಗಿಗೆ ಕೊಡು" ಎಂದರು. ನನಗೆ ಅವರನ್ನು ತಬ್ಬಿಕೊಳ್ಳಬೇಕೆನಿಸಿತು. ಆಮೇಲೆ ಮೆಟ್ಟಲು ಇಳಿಯುತ್ತಾ ತಿರುಗಿ, "ಅವಳನ್ನು ಕಳಿಸಿಬಿಡಿ, ಪಾಪ. ನನ್ನದೊಂದು ಮಾತ್ರ ಕೊಟ್ಟುಬಿಡಿ, ಆಮೇಲೆ ಹೋಗಲಿ" ಎಂದರು. ಎರಡನೆಯವರು ಮಗ್ದಲಿನ್ ಬಾಯಿ. ಅವರ ಮಗಳಿಗೆ ಇಗರ್ಜಿಯ ಮೊಂತಿ ಹಬ್ಬದ ಫ್ರಾಕು. ಅದು ಚೌತಿ ಕಳೆದು ಒಂದು ವಾರಕ್ಕೆ ಬರುವ ಹಬ್ಬ! ಇವರಾದರೂ ಕಾಯುತ್ತಾರೆಂದು ನಾನು ಹಿಗ್ಗಿದೆ. ಅವರು ಕಣ್ಣು ಮುಚ್ಚಿ ಶಿಲುಬೆಯ ಗುರುತು ಮಾಡಿ, "ಅವಳ ಹೆಸರಿನಲ್ಲಿ ನಾನು ದಿನಾ ತೇರ್ಸ್ ಜಪ ಮಾಡ್ತೇನೆ ಬಾಯಿ. ಆದರೆ ಫ್ರಾಕು ಶನಿವಾರಕ್ಕೆ ಬೇಕು. ನನ್ನ ನಾದಿನಿ ಬರ್ತಾಳೆ, ಅವಳಿಗೆ ತೋರಿಸ್ಲಿಕ್ಕುಂಟು" ಎಂದರು. ಮೂರನೆಯವರು ಖಾದಿ ಉಡುವ ವಾಸಪ್ಪ ವಕೀಲರು. ಕೂಲಿಯವರ ಬೆವರನ್ನು ಹಿಂಡಿ ಬಿಳಿಯರು ಹೇಗೆ ಬಟ್ಟೆ ಮಾಡುತ್ತಿದ್ದರೆಂದು ಅಂಗಡಿಯವರೆಲ್ಲ ಕೇಳುವಂತೆ ನಿಂತು ಹೇಳಿದರು. ನಾನು ಮಧ್ಯದಲ್ಲಿ "ಹೌದು, ಹೌದು" ಎನ್ನುತ್ತಿದ್ದೆ. ಕೊನೆಗೆ ಅವರ ಜುಬ್ಬ ಗುರುವಾರ ಸಂಜೆಗೇ ಆಗಬೇಕಂತೆ. ಭಾಷಣ ಇದೆಯಂತೆ. ಯಾವ ವಿಷಯದ ಮೇಲೆ ಎಂದು ಕೇಳಿದೆ. ನೇಕಾರರ ಕಷ್ಟಸುಖದ ಮೇಲೆ! ನಾನು ಮುಖ ತಿರುಗಿಸಿ ಗೋಡೆಯ ಕ್ಯಾಲೆಂಡರನ್ನು ನೋಡುತ್ತಾ ನಿಂತೆ, ಇಲ್ಲದಿದ್ದರೆ ಏನಾದರೂ ಅಂದುಬಿಡುತ್ತಿದ್ದೆ.

ಹೀಗೆ ಎಲ್ಲರೂ. ಒಬ್ಬರೂ ಕಲ್ಲುಮನಸ್ಸಿನವರಲ್ಲ, ಅದನ್ನು ಗಮನಿಸಿ. ಒಬ್ಬರು ಕಾಲಿಗೆ ಹಚ್ಚಲು ಎಣ್ಣೆಯ ಹೆಸರು ಹೇಳಿದರು, ಒಬ್ಬರು ಮಧೂರು ಗಣಪತಿಗೆ ಹರಕೆ ಹೇಳುತ್ತೇನೆ ಎಂದರು. ಒಬ್ಬರಂತೂ ಬಸುರಿ ಹೊಲಿದದ್ದಾದರೆ ಶುಭವೇ, ಬೇರೆ ಯಾರ ಕೈಗೂ ಕೊಡಬೇಡಿ ಎಂದು ತಮ್ಮ ರವಕೆಯನ್ನು ಅವಳಿಗೇ ಗಟ್ಟಿ ಮಾಡಿ ಹೋದರು. ಕಣ್ಣೀರು ಉಂಟು, ಹಣ್ಣು ಉಂಟು, ಜಪ ಉಂಟು, ಹರಕೆ ಉಂಟು. ನಾಲ್ಕು ದಿನದ ತಡ ಒಂದಿಲ್ಲ. ಎಲ್ಲರದ್ದೂ "ನನ್ನದೊಂದು ಮಾತ್ರ". ಒಂದೊಂದೇ ರವಕೆಯಿಂದ ಯಾರಿಗೆ ಏನಾಗುತ್ತದೆ ಎಂದು ಅವರಿಗೆ. ಆ ಒಂದೊಂದೆಲ್ಲ ಸೇರಿ ಕಮಲಳ ಮಿಷನಿನ ಬದಿಯಲ್ಲಿ ಸೊಂಟದೆತ್ತರ ರಾಶಿಯಾಗಿದೆ ಎಂದರೆ, "ಹಾಗಾದರೆ ನನ್ನದು ರಾಶಿಯ ಮೇಲಿರಲಿ" ಎನ್ನುತ್ತಾರೆ. ಕಾನ್ವೆಂಟಿನಲ್ಲಿ ನಮಗೆ ಇಂಗ್ಲೆಂಡಿನ ಹಳೆಯ ಗಿರಣಿಗಳ ಪಾಠವಿತ್ತು. ಅಲ್ಲಿನ ಮಕ್ಕಳು ಮಗ್ಗದ ಅಡಿಯಲ್ಲೇ ನಿದ್ದೆ ಹೋಗುತ್ತಿದ್ದರೆಂದು ಸಿಸ್ಟರ್ ಓದಿದಾಗ ಕ್ಲಾಸಿಗೆ ಕ್ಲಾಸೇ ಮೂಗು ಸೀಟಿತ್ತು. ಅಷ್ಟು ದೂರದವರಿಗೆ, ಸತ್ತು ಹೋದವರಿಗೆ ಅಳುವುದು ಎಷ್ಟು ಸುಲಭ. ಅವರು ನಮ್ಮ ಲಂಗ ಹೊಲಿಯುತ್ತಿರಲಿಲ್ಲವಲ್ಲ. ಸಂಜೆ ನಾನು ಸೋತ ಮುಖ ಹೊತ್ತು ಒಳಗೆ ಹೋದಾಗ ಅಕ್ಕು ಆ ಬಾಳೆಹಣ್ಣನ್ನು ಸುಲಿದು ಕಮಲಳಿಗೆ ತಿನ್ನಿಸುತ್ತಾ, "ಒಳ್ಳೆ ಹಣ್ಣು ಅಮ್ಮನವರೇ. ನಾಳೆಯೂ ಒಂದಷ್ಟು ಜನರನ್ನು ಅಳಿಸಿ, ಚಿಪ್ಸ್ ಮಾಡುವ" ಎಂದಳು.

ಈಗ ನಿಮ್ಮ ವಿಷಯಕ್ಕೆ ಬರುತ್ತೇನೆ. ಮೊನ್ನೆ ಮಂಗಳವಾರ ನಾನು ಒಳಗೆ ಹೋದಾಗ ಕಮಲಳ ಸೂಜಿಯ ಕೆಳಗಿದ್ದದ್ದು ನನ್ನ ನೀಲಿ ರೇಷ್ಮೆ. ಅವಳ ಮುಖ ಬಿಳಿಚಿತ್ತು. ಕಣ್ಣು ಮುಚ್ಚಿಹೋಗುತ್ತಿತ್ತು, ಕಾಲು ಮಾತ್ರ ತನ್ನಷ್ಟಕ್ಕೆ ತುಳಿಯುತ್ತಿತ್ತು. ನಾನು ನೋಡುತ್ತಿದ್ದಂತೆ ಸ್ಟೂಲಿನಿಂದ ಬದಿಗೆ ವಾಲಿದಳು. ಅಕ್ಕು ಹಿಡಿಯದಿದ್ದರೆ ಆ ಕಬ್ಬಿಣದ ಚಕ್ರದ ಮೇಲೆ ಬೀಳುತ್ತಿದ್ದಳು, ಹೊಟ್ಟೆ ಅಡಿಯಾಗಿ. ನೀರು ಚಿಮುಕಿಸಿ ಕೂರಿಸಿದೆವು. ಎಚ್ಚರ ಬಂದದ್ದೇ ಅವಳು ಹುಡುಕಿದ್ದು ಏನನ್ನು ಗೊತ್ತೇ? ರೇಷ್ಮೆಗೆ ನೀರು ಬಿತ್ತೇ ಎಂದು! ಸಾಕು, ಹೊರಡು ಎಂದು ನಾನು ಬಟ್ಟೆಯನ್ನು ಮಿಷನಿನಿಂದ ಎಳೆದೆ. ಅವಳು ಅದರ ತುದಿ ಹಿಡಿದು, "ಬೇಡಮ್ಮಾ, ಸಣ್ಣ ಸಾವ್ಕಾರ್ರು ನನ್ನ ಹತ್ತಿರವೇ ಹೇಳಿ ಹೋಗಿದ್ದಾರೆ. ನಿಮ್ಮದೊಂದು ಮುಗಿಸಿ ಹೋಗ್ತೇನೆ" ಎಂದಳು. ನಿಮ್ಮದೊಂದು! ಇಡೀ ಕಾಸರಗೋಡಿನ ಮೇಲೆ ಉರಿದುಬಿದ್ದು ಬಂದವಳು ನಾನು, ಆ ರಾಶಿಯ ಎಲ್ಲಕ್ಕಿಂತ ಮೇಲೆ ಇದ್ದದ್ದು ನನ್ನದು. ಎಲ್ಲ ರವಕೆಗಿಂತ ಹೆಚ್ಚು ನೆರಿಗೆಯೂ ಅದಕ್ಕೇ. ಹೊರಡುವ ದಿನ ನನ್ನಿಂದ ತೆಗೆದುಕೊಂಡು ಹೋಗಿ ಅವಳಿಗೆ ಬಟ್ಟೆ ಕೊಡುವಾಗ ನೀವು ಅವಳ ಹೊಟ್ಟೆಯನ್ನು ನೋಡಲಿಲ್ಲವೇ? ಅಂಥದ್ದು ಕಾಣದೆ ಹೋಗುವ ವಸ್ತುವೂ ಅಲ್ಲ! ನನ್ನ ಮೇಲಿನ ಪ್ರೀತಿಯಲ್ಲಿ ಕುರುಡಾಗಿದ್ದೆ ಎಂದು ಬರೆಯುತ್ತೀರಿ, ಗೊತ್ತು. ಅಂಥ ಪ್ರೀತಿ ನನಗೆ ಬೇಡ. ಇಲ್ಲ, ಬೇಕು, ಆದರೆ ಹಾಗಲ್ಲ. ನನಗೆ ಸರಿಯಾಗಿ ಬರೆಯಲು ಬರುತ್ತಿಲ್ಲ, ನಿಮಗೆ ಅರ್ಥವಾಗುತ್ತದೆ.

ಆ ಸಂಜೆಯ ರೈಲಿಗೇ ಕಮಲಳನ್ನೂ ತಾಯಿಯನ್ನೂ ಜಟಕಾದಲ್ಲಿ ಕೂರಿಸಿ ಸ್ಟೇಷನಿಗೆ ಕರೆದುಕೊಂಡು ಹೋದೆ. ಮಂಜೇಶ್ವರದಲ್ಲಿ ಇಳಿದರೆ ಅವರ ಮನೆ ದೂರವಿಲ್ಲ. ಮಗುವಿಗೆಂದು ನಿಮ್ಮ ಎರಡು ಹಳೆಯ ಪಂಚೆಗಳನ್ನು ಗಂಟಿನಲ್ಲಿ ಹಾಕಿದ್ದೇನೆ, ಮೆತ್ತಗೆ ಸವೆದಿದ್ದವು, ಹುಡುಕಬೇಡಿ. ರೈಲು ಹೊರಡುವಾಗ ಕಮಲ ಕಿಟಕಿಯಿಂದ, "ಬಾಳಂತನ ಮುಗಿಸಿ ಬಂದರೆ ನನ್ನ ಜಾಗ ಉಂಟಲ್ಲಮ್ಮಾ?" ಎಂದು ಕೇಳಿದಳು. ನಾನು "ಉಂಟು, ಉಂಟು, ಖಂಡಿತ ಉಂಟು" ಎಂದು ಕೈಬೀಸಿ ಕೂಗಿದೆ, ಪ್ಲಾಟ್‌ಫಾರಂನವರೆಲ್ಲ ನೋಡಿದರು. ಕೂಗಿದ್ದು ದೊಡ್ಡದಾಯಿತು. ಅಂಗಡಿಗೆ ಬಂದರೆ ಭಾವ ಅವಳ ಖಾಲಿ ಮಿಷನಿನ ಎದುರು ನಿಂತಿದ್ದರು. "ನೀನು ಕಳಿಸಿದ್ದೀ. ಒಳ್ಳೆದು. ಇದನ್ನು ಈಗ ಯಾರು ತುಳಿಯುವುದು? ನಿನ್ನ ಕಾನ್ವೆಂಟಿನ ಮದರಾ?" ಎಂದರು. ಆಗ ನನಗೆ ಎಲ್ಲಿಂದ ಬಂತೋ, ಸೆರಗು ಸೊಂಟಕ್ಕೆ ಸಿಕ್ಕಿಸಿ ಆ ಸ್ಟೂಲಿನ ಮೇಲೆ ಕುಳಿತೆ. ಕುಳಿತವಳನ್ನು ಎಳೆದು ಎಬ್ಬಿಸಲು ಭಾವನಿಂದ ಆಗುವುದಿಲ್ಲವಲ್ಲ, ತಮ್ಮನ ಹೆಂಡತಿ! ಅವರು ತಲೆಗೆ ಕೈಹಚ್ಚಿ ಹೊರಗೆ ಹೋದರು.

ಆಮೇಲೆ ನನ್ನ ಹೊಲಿಗೆಯ ಕಥೆ. ಕಾನ್ವೆಂಟಿನಲ್ಲಿ ಕರವಸ್ತ್ರದ ಮೂಲೆಗೆ ಹೂ ತೆಗೆದು ನನಗೆ ಬಹುಮಾನ ಬಂದಿತ್ತೆಂದು ಮದುವೆಗೆ ಮೊದಲು ಅಪ್ಪ ನಿಮ್ಮವರ ಹತ್ತಿರ ಹೇಳಿಕೊಂಡಿದ್ದರಲ್ಲ, ಆ ಹೂವಿನಿಂದ ರವಕೆಗೆ ಒಂದು ತೋಳೂ ಕೂರುವುದಿಲ್ಲ. ನಿನ್ನೆ ಇಡೀ ದಿನ ತುಳಿದೆ. ಮೊದಲ ರವಕೆ ಮುಗಿಸಿ ಹೆಮ್ಮೆಯಿಂದ ಎತ್ತಿ ತೋರಿಸಿದಾಗ ಅಕ್ಕು ಅದನ್ನು ಬೆಳಕಿಗೆ ಹಿಡಿದು, "ಚಂದ ಆಗಿದೆ. ಇದನ್ನು ತೊಡುವವಳಿಗೆ ಎರಡೂ ಎಡಗೈ ಇದ್ದರೆ ಆಯಿತು" ಎಂದಳು. ಎಲ್ಲರೂ ಬಿದ್ದು ಬಿದ್ದು ನಕ್ಕರು. ನನಗೆ ಅಳು ಬಂತು, ಆಮೇಲೆ ನಾನೂ ನಕ್ಕೆ. ಬಿಚ್ಚಿ ಮತ್ತೆ ಹೊಲಿದೆ. ಮೀನಖಂಡ ಕಲ್ಲಿನಂತಾಗಿದೆ, ಬೆನ್ನು ನೆಟ್ಟಗಾಗುವುದಿಲ್ಲ. ಹೊಟ್ಟೆಯಲ್ಲಿ ಎಂಟು ತಿಂಗಳ ಭಾರ ಇಲ್ಲದ ನನಗೇ ಹೀಗೆ.

ಆದರೆ ನನ್ನ ತಲೆ ಪೂರ್ತಿ ಕೆಟ್ಟದ್ದು ಇವತ್ತು ಬೆಳಿಗ್ಗೆ. ಸಾವ್ಕಾರ್ರ ಮನೆಯ ಹೊಸ ಸೊಸೆಯೇ ಮಿಷನಿನಲ್ಲಿ ಕುಳಿತಿದ್ದಾಳೆಂದು ಪೇಟೆಯಲ್ಲಿ ಸುದ್ದಿಯಾಯಿತು. ಪಂಕಜಾಕ್ಷಿಯಮ್ಮ ಒಳಗಿನ ಬಾಗಿಲವರೆಗೆ ಬಂದರು, ಈವರೆಗೆ ಆ ಹೊಸ್ತಿಲನ್ನು ಗಿರಾಕಿಗಳು ಯಾರೂ ಕಂಡವರಲ್ಲ. ಬಂದು ಕೆನ್ನೆಗೆ ಕೈಹಚ್ಚಿ, "ಅಯ್ಯೋ ದೇವರೇ, ನೀನಾ ಮಗಾ! ಈ ಸೆಕೆಯಲ್ಲಿ! ನನ್ನದಕ್ಕೆ ಅವಸರ ಎಂತದು, ಚೌತಿ ಕಳೆದು ನಿಧಾನಕ್ಕೆ ಕೊಡು. ನನಗೆ ಹಳೆಯದೇ ಎಷ್ಟೋ ಉಂಟು" ಎಂದರು. ಮಗ್ದಲಿನ್ ಬಾಯಿ ಫ್ರಾಕು ಹಬ್ಬದ ಹಿಂದಿನ ದಿನ ಸಿಕ್ಕಿದರೆ ಧಾರಾಳ ಎಂದು ಹೇಳಿ ಕಳುಹಿಸಿದರು. ವಕೀಲರು ಜುಬ್ಬ ಬೇಡವೇ ಬೇಡ ಎಂದರು, ಇವತ್ತಿನ ಭಾಷಣ ಹಳೆಯದರಲ್ಲೇ ಮಾಡುತ್ತಾರಂತೆ! ಮಧ್ಯಾಹ್ನದ ಒಳಗೆ ಕಮಲಳ ರಾಶಿಯಲ್ಲಿದ್ದ ಬಹುಮಟ್ಟಿಗೆ ಎಲ್ಲ ಬಟ್ಟೆಗೂ ಚೌತಿಯ ಆಚೆಯ ದಿನ ಬಿತ್ತು. ಒಬ್ಬರೂ ಎದುರಿನ ಅಂಗಡಿಗೆ ಹೋಗಲಿಲ್ಲ. ನನಗೆ ಸಂತೋಷವಾಗಬೇಕಿತ್ತು ಅಲ್ಲವೇ? ನನಗೆ ಬಂದದ್ದು ಕೋಪ. ಹಾಗಾದರೆ ಕಾಯಲು ಆಗುತ್ತಿತ್ತು! ಅವರೆಲ್ಲರಿಗೂ ಆಗುತ್ತಿತ್ತು! ಅವರ ಬೀರುವಿನಲ್ಲಿ ಹಳೆಯ ರವಕೆ ಮೊನ್ನೆಯೂ ಇತ್ತು. ಎಂಟು ತಿಂಗಳ ಬಸುರಿಗೆ ಸಿಗದ ನಾಲ್ಕು ದಿನ, ಕೊಬ್ಬಿದ ಆರೋಗ್ಯದ ನನಗೆ ಕೇಳದೆಯೇ ಸಿಕ್ಕಿತು, ನಾನು ತಮ್ಮ ನೆಂಟರಿಷ್ಟರ ಮದುವೆಗೆ ಬಂದು ಕೂರುವವಳೆಂದು. ನಾನು ತಲೆ ತಗ್ಗಿಸಿ ತುಳಿಯುತ್ತಾ ಇದ್ದೆ. ಅಕ್ಕು ಮಾತ್ರ ಈ ಸಲ ಗೇಲಿ ಮಾಡಲಿಲ್ಲ. ಹಲ್ಲಿನಿಂದ ನೂಲು ಕಡಿದು, "ಅಮ್ಮನವರೇ, ಇದೇ ಮರ್ಯಾದೆ ಕಮಲನಿಗೆ ಮೊನ್ನೆ ಸಿಕ್ಕಿದ್ದರೆ ಅವಳು ಬೀಳ್ತಿರಲಿಲ್ಲ" ಎಂದಳು, ಅಷ್ಟೆ.

ಆದ್ದರಿಂದ ನೀವು ಬಂದ ಮೇಲೆ ಒಂದು ಮಾತು ಮನೆಯಲ್ಲಿ ತೀರ್ಮಾನವಾಗಬೇಕು. ಮುಂದಿನ ಆಟಿಯಲ್ಲಿ ನಮ್ಮ ಅಂಗಡಿಯಲ್ಲಿ ಕತ್ತರಿ ಆಡಬೇಕು, ಆ ಹೆಂಗಸರು ಬಾಗಿಲು ತೆರೆದಿಟ್ಟುಕೊಂಡು ನಿಧಾನಕ್ಕೆ ಹೊಲಿಯಬೇಕು. ಗಿರಾಕಿಗಳು ಓಡಿಹೋಗುತ್ತಾರೆಂದು ಭಾವ ಹೇಳುತ್ತಾರೆ. ಮೊದಲು ಆಟಿಯಲ್ಲಿ ಕತ್ತರಿಸಿದ ರವಕೆಯನ್ನು ನಾನೇ ತೊಟ್ಟು ಆ ಮೇಜಿನಲ್ಲಿ ಕೂರುತ್ತೇನೆ, ನನಗೆ ಏನಾಗುತ್ತದೆಂದು ಎಲ್ಲರೂ ನೋಡಲಿ. ನಾನು ಹೀಗೆಂದಾಗ ಅತ್ತೆ, "ಸೀಯಾಳ ಕುಡಿದು ಮಲಗು, ಪಿತ್ತ ಏರಿದೆ" ಎಂದರು. ಆದರೆ ಬೇಡ ಎನ್ನಲಿಲ್ಲ. ಗಮನಿಸಿದ್ದೇನೆ.

ಅತ್ತೆ ನಿಮಗೆ ಆಶೀರ್ವಾದ ಹೇಳಿದ್ದಾರೆ. ಮೊಣಕಾಲಿಗೆ ಮದರಾಸಿನ ಆ ಹಸಿರು ಶೀಸೆಯ ಎಣ್ಣೆ ತರಬೇಕಂತೆ. ಏಜೆಂಟರ ಮನೆಯ ಹಿರಿಯರಿಗೆ ನನ್ನ ನಮಸ್ಕಾರ ತಿಳಿಸಿ, ಅವರ ಮಕ್ಕಳಿಗೆ ನನ್ನ ಪರವಾಗಿ ಕೆನ್ನೆ ಚಿವುಟಿ. ಸಮುದ್ರದ ಗಾಳಿಗೆ ಎದೆ ಒಡ್ಡಿ ನಿಲ್ಲಬೇಡಿ. ನಾನು ನಿಮ್ಮ ಮೇಲೆ ಸಿಟ್ಟು ಮಾಡಿದ್ದೇನೆ ಹೌದು, ಆದರೆ ನೀವು ಇಲ್ಲದಿದ್ದರೆ ಸಿಟ್ಟನ್ನೂ ನೆಟ್ಟಗೆ ಮಾಡಲು ಆಗುವುದಿಲ್ಲ. ಬೇಗ ಬನ್ನಿ.

ಎಂದೆಂದಿಗೂ ನಿಮ್ಮವಳೇ, ಈ ಹೊತ್ತಿಗೆ ಮಾತ್ರ ಬೆನ್ನು ನೋವಿನವಳು,
ಹರಿಣಾಕ್ಷಿ

ತಾ. ಕ.: ಕಾಗದ ಮಡಚುವಾಗ ಭಾವ ಒಳಗೆ ಬಂದು ಹೇಳಿ ಹೋದರು. ಕಮಲಳ ಜಾಗಕ್ಕೆ ಬೇರೆ ಹೆಂಗಸನ್ನು ಗೊತ್ತುಮಾಡಿದ್ದಾರಂತೆ, ಸೋಮವಾರ ಬರುತ್ತಾಳೆ, ಖಾಯಂ. ಕಮಲ ಹೋದದ್ದು ಹೋದದ್ದೇ ಅಂತೆ. ನಾನು ವಾದ ಮಾಡಿದೆ, ಅಳುವುದೂ ಆಯಿತು, ಕೊನೆಗೆ ಭಾವ "ಅವನು ಹೇಳಿದರೆ ನೋಡುವ" ಎಂದರು. ಅವನು ಎಂದರೆ ನೀವು. ಈ ಕಾಗದ ಶನಿವಾರ ನಿಮ್ಮ ಕೈಗೆ ಸಿಗುತ್ತದೆ. ಓದಿ ಮುಗಿಸಿದ ಕೂಡಲೇ, ಊಟಕ್ಕೂ ಕೂರದೆ, ಭಾವನಿಗೆ ತಂತಿ ಕೊಡಿ: ಕಮಲಳ ಜಾಗ ಅವಳು ಬರುವವರೆಗೆ ಕಮಲಳದ್ದೇ. ತಂತಿ ಬರುವವರೆಗೆ ನಾನು ಈ ಸ್ಟೂಲು ಬಿಟ್ಟು ಏಳುವುದಿಲ್ಲ, ಬೇರೆ ಯಾರನ್ನೂ ಕೂರಲು ಬಿಡುವುದೂ ಇಲ್ಲ. ತಂತಿಗೆ ಒಂದು ಪದದ ಕಾಸು ಹೆಚ್ಚಾದರೂ ಚಿಂತೆಯಿಲ್ಲ, ಕಮಲ ಎಂದು ಹೆಸರು ಹಾಕಿಯೇ ಬರೆಯಿರಿ. ಬರೇ "ಆ ಬಸುರಿ ಹುಡುಗಿ" ಎಂದು ಕಳುಹಿಸಿದರೆ ಭಾವ ಸೋಮವಾರ ಇನ್ನೊಬ್ಬ ಬಸುರಿಯನ್ನು ತಂದು ಕೂರಿಸಿ, ತಮ್ಮ ಹೇಳಿದಂತೆಯೇ ಮಾಡಿದೆ ಎಂದಾರು.